ಪಿಯೆತ್ರಾಮುರಾದ ಇನ್ನೂರ ಹದಿನಾಲ್ಕು ಮೆಟ್ಟಿಲು

ಮಹಬೂಲಾ, ಕುವೈತ್
14 ನವೆಂಬರ್ 2025, ಶುಕ್ರವಾರ

ಪ್ರೀತಿಯ ಬೆಟ್ಟಿ ಮಾವ್ಶಿ,

ಸಂಜೆಯ ತೇರ್ಸ್ ಪ್ರಾರ್ಥನೆ ಮುಗಿದ ಕೂಡಲೇ ನಿಮ್ಮೆದುರು ಕೈಜೋಡಿಸಿ ನಿಂತು ಬೆಸಾಂವ್ ಕೇಳುತ್ತಿದ್ದೆನಲ್ಲ, ಹಾಗೆಯೇ ಇಲ್ಲಿಂದ ಕೇಳುತ್ತಿದ್ದೇನೆ. ಆಶೀರ್ವಾದ ಮಾಡಬೇಕೋ ಕಿವಿ ಹಿಂಡಬೇಕೋ ಎಂಬುದನ್ನು ಕಾಗದ ಪೂರ್ತಿ ಓದಿದ ಮೇಲೆ ತೀರ್ಮಾನಿಸಿ. ಆಪರೇಷನ್ ಆದ ಸೊಂಟ ಈಗ ಹೇಗಿದೆ? ಹೊಲಿಗೆ ಹಾಕಿದ ಜಾಗದಲ್ಲಿ ತುರಿಕೆ ಕಡಿಮೆಯಾಯಿತೇ? ವಾಕರ್ ಹಿಡಿದು ಕಾನ್ವೆಂಟಿನ ಚಾಪೆಲಿನವರೆಗೆ ನೀವೇ ಹೋಗಿ ಬಂದಿರಿ ಎಂದು ಸಿಸ್ಟರ್ ಇನೆಜ್ ಮೊನ್ನೆ ವಾಯ್ಸ್ ಮೆಸೇಜ್ ಕಳಿಸಿದ್ದರು. ಕೇಳಿ ಸಮಾಧಾನವಾಯಿತು. ಇಟಲಿಯ ಅಷ್ಟು ಚಿಕ್ಕ ಊರಿನಲ್ಲಿ ನಮ್ಮ ಶಿರ್ವದ ಕಡೆಯ ಒಬ್ಬ ಸಿಸ್ಟರ್ ಇದ್ದದ್ದು ನಿಮ್ಮ ಪುಣ್ಯ, ನನ್ನ ಪುಣ್ಯ ಅದಕ್ಕಿಂತ ದೊಡ್ಡದು. ಅವರು ನಿಮಗೆ ಗಂಜಿ ಮಾಡಿಕೊಡುತ್ತಾರಂತೆ, ಉಪ್ಪಿನಕಾಯಿ ಮುಗಿದಿದೆಯಂತೆ. ನಮ್ಮ ಟ್ರಾವೆಲ್ಸ್ ಆಫೀಸಿನ ಸಿಲ್ವೆಸ್ಟರ್ ಮಂಗಳವಾರ ಯಾತ್ರೆಯ ಹೊಸ ತಂಡ ಕರೆದುಕೊಂಡು ಅಲ್ಲಿಗೇ ಬರುತ್ತಿದ್ದಾನೆ. ಒಂದು ಬಾಟಲಿ ಮಿಡಿ ಉಪ್ಪಿನಕಾಯಿ, ಒಂದು ಸ್ವೆಟರು, ಈ ಕಾಗದ, ಮೂರನ್ನೂ ಅವನ ಕೈಯಲ್ಲಿ ಕೊಡುತ್ತೇನೆ.

ಇಲ್ಲಿ ನಾವು ಕ್ಷೇಮ. ಸೆಖೆ ಇಳಿದಿದೆ, ಈಗ ಸಂಜೆ ಕಿಟಕಿ ತೆರೆದಿಟ್ಟು ಕೂರಬಹುದು. ಬೆಳಿಗ್ಗೆ ಪೂಜೆಗೆ ಹೋಗಿ ಬಂದೆವು. ಇಗರ್ಜಿಯ ಹೊರಗೆ ಸಿಕ್ಕವರೆಲ್ಲ ಕೇಳುವುದು ನಿಮ್ಮನ್ನೇ. “ಪಾಪ ಟೀಚರ್, ಜಾರಿ ಬಿದ್ರಂತೆ ಅಲ್ವಾ?” ಅನ್ನುತ್ತಾರೆ, ನಾನು ಹೌದು ಹೌದು ಎಂದು ತಲೆಯಾಡಿಸಿ ಕಾರಿನ ಕಡೆ ಓಡುತ್ತೇನೆ. ಶರ್ಲಿನ್ ಆರಾಮಾಗಿದ್ದಾಳೆ. ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿ ಬಿಡಿಸಿಕೊಂಡಿದ್ದಾಳೆ, ನಿಮ್ಮನ್ನು ದಿನಾ ನೆನೆಯುತ್ತಾಳೆ. ಈ ಕಾಗದ ಬರೆಯಲು ಕೂತಾಗ, ಫೋನ್ ಮಾಡಿದರೆ ಆಗುವುದಿಲ್ಲವೇ ಎಂದಳು. ಆಗುವುದಿಲ್ಲ. ಫೋನಿನಲ್ಲಿ ನಿಮ್ಮ ದನಿ ಕೇಳಿದರೆ ನಾನು ಮತ್ತೆ ಏನಾದರೊಂದು ಕಟ್ಟಿ ಹೇಳುತ್ತೇನೆ, ನನ್ನ ನಾಲಿಗೆ ನನಗೆ ಗೊತ್ತಿಲ್ಲವೇ? ಮಾತು ಕೊಂಕಣಿಯಲ್ಲಿ, ಕಾಗದ ಕನ್ನಡದಲ್ಲಿ ಎಂಬುದು ನಿಮ್ಮ ಮನೆಯ ಕಾನೂನು. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ನಿಮ್ಮ ಮನೆಗೆ ಕರೆತಂದ ವಾರವೇ ಸ್ಲೇಟು ಕೊಟ್ಟು ಕೂರಿಸಿದವರು ನೀವು. ನಾನು ಬೋರ್ಡಿಂಗಿನಿಂದ ಬರೆದ ಕಾಗದಗಳಿಗೆಲ್ಲ ಕೆಂಪು ಶಾಯಿಯ ತಿದ್ದುಪಡಿ ಹಾಕಿ ವಾಪಸು ಕಳಿಸುತ್ತಿದ್ದವರೂ ನೀವೇ. ಇವತ್ತು ತಿದ್ದುಪಡಿ ಹಾಕುವ ಕೆಲಸ ನನ್ನದಾಗಿದೆ ಮಾವ್ಶಿ. ನಾಚಿಕೆಯಿಂದ ಸತ್ತುಹೋಗುತ್ತಿದ್ದೇನೆ.

ವಿಷಯಕ್ಕೆ ಬರುತ್ತೇನೆ. ನೀವು ಕಳೆದ ಶನಿವಾರ ಕಳಿಸಿದ ಹದಿನಾಲ್ಕು ಪುಟಗಳ ಫೋಟೋಗಳು ಬಂದವು. ಮಲಗಿದಲ್ಲೇ ಬರೆದರೂ ಅಕ್ಷರ ಒಂದು ಚೂರೂ ಸೊಟ್ಟಗಾಗಿಲ್ಲ. ‘ಪಿಯೆತ್ರಾಮುರಾ: ಒಂದು ಪುಣ್ಯನಗರದ ಕಥೆ’ ಎಂಬ ನಿಮ್ಮ ಲೇಖನವನ್ನು ಟೈಪ್ ಮಾಡಿ, ನಮ್ಮೂರ ಇಗರ್ಜಿಯ ಕ್ರಿಸ್ಮಸ್ ಸಂಚಿಕೆಗಾಗಿ ಇಪ್ಪತ್ತನೇ ತಾರೀಕಿನೊಳಗೆ ಪಾದ್ರಿಗಳಿಗೆ ಕಳಿಸಬೇಕು ಎಂದು ಬರೆದಿದ್ದಿರಿ. ಮೂರನೆಯ ಪುಟದವರೆಗೆ ಟೈಪ್ ಮಾಡಿದೆ. ಮುಂದೆ ಕೈ ಓಡಲಿಲ್ಲ. ಹೆಚ್ಚುಕಡಿಮೆ ಪ್ರತಿ ಪುಟದಲ್ಲೂ ‘ನನ್ನ ತಂಗಿಯ ಮಗ ಚಿ. ಟ್ರೆವರ್ ವಿವರಿಸಿದಂತೆ’ ಎಂದು ಬರೆದಿದ್ದೀರಿ. ಎಣಿಸಿ ನೋಡಿದೆ, ಹನ್ನೊಂದು ಕಡೆ ಇದೆ. ಹನ್ನೊಂದರಲ್ಲಿ ಒಂಬತ್ತು ಸುಳ್ಳು. ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದ ಟೀಚರ ಹೆಸರಿನ ಕೆಳಗೆ ಇವು ಅಚ್ಚಾಗಿ ಬಂದರೆ ಊರೆಲ್ಲ ನಂಬುತ್ತದೆ. ನೀವು ಬರೆದದ್ದೆಂದ ಮೇಲೆ ಪಾದ್ರಿಗಳು ಕೂಡ ಎರಡನೇ ಸಲ ನೋಡುವುದಿಲ್ಲ.

ಆ ದಿನ ಆದದ್ದು ಹೀಗೆ. ಸೆಪ್ಟೆಂಬರ್ ಇಪ್ಪತ್ತೈದು. ಕುವೈತಿನಿಂದ ಹತ್ತೊಂಬತ್ತು ಜನ, ಊರಿನಿಂದ ಮುಂಬೈ ಮಾರ್ಗವಾಗಿ ಬಂದು ರೋಮಿನಲ್ಲಿ ಕೂಡಿಕೊಂಡ ನೀವು ಇಪ್ಪತ್ತನೆಯವರು, ತಂಡದ ಲೀಡರ್ ಎಂದು ಕೊರಳಿಗೆ ಕಾರ್ಡು ಹಾಕಿಕೊಂಡ ನಾನು. ಆ ಊರನ್ನು ಅದಕ್ಕಿಂತ ಮೊದಲು ನಾನು ಕಂಡೇ ಇರಲಿಲ್ಲ. ಊರಿನವನೇ ಒಬ್ಬ ಗೈಡ್ ಗೊತ್ತು ಮಾಡಬೇಕಿತ್ತು. ಒಂದು ವಾರ ಮೊದಲೇ ಮೇಲ್ ಹಾಕಬೇಕಿತ್ತು, ಹಾಕಲಿಲ್ಲ, ಅಲ್ಲಿ ಹೋಗಿ ನೋಡಿಕೊಂಡರಾಯಿತು ಎಂಬ ಉಡಾಫೆ. ಊರಿನ ಚರಿತ್ರೆ ಮೊಬೈಲಿನಲ್ಲಿ ಇತ್ತು, ಒಂದು ವೆಬ್ ಪೇಜು. ಗುಡ್ಡದ ಬುಡದಲ್ಲಿ ಬಸ್ಸಿಳಿದರೆ ನೆಟ್‌ವರ್ಕ್ ಇಲ್ಲ. ಇಪ್ಪತ್ತು ಮುಖಗಳು ನನ್ನನ್ನೇ ನೋಡುತ್ತಿವೆ. ನೀವು ಎಲ್ಲರಿಗಿಂತ ಮುಂದೆ, ನೋಟ್ ಬುಕ್ ತೆರೆದು, ಪೆನ್ನಿನ ಕ್ಯಾಪ್ ಬಾಯಲ್ಲಿ ಕಚ್ಚಿಕೊಂಡು. “ಹೇಳು ಬಾಬಾ, ನಿಧಾನಕ್ಕೆ ಹೇಳು, ಬರ್ಕೊಳ್ಳಿಕ್ಕುಂಟು” ಎಂದಿರಿ. ನನಗೆ ಗೊತ್ತಿಲ್ಲ ಎಂದು ಅಲ್ಲೇ ಹೇಳಬಹುದಿತ್ತು. ಪಕ್ಕದವರಿಗೆ ನೀವು “ನಮ್ಮ ಟ್ರೆವರ್ ಎಷ್ಟು ಓದಿಕೊಂಡಿದ್ದಾನೆ ನೋಡಿ” ಎಂದು ಹೇಳುವುದು ಕೇಳಿಸಿತು, ಅಷ್ಟೇ, ನನಗೆ ಕೋಡು ಮೂಡಿತು. ಬಾಯಿಗೆ ಬಂದದ್ದೆಲ್ಲ ಚರಿತ್ರೆಯಾಯಿತು.

ಈಗ ನಿಜವಾದದ್ದನ್ನು ಬರೆಯುತ್ತೇನೆ. ಆ ವೆಬ್ ಪೇಜನ್ನು ಕೊನೆಗೂ ಈ ವಾರ ಪೂರ್ತಿ ಓದಿದೆ. ಸಿಸ್ಟರ್ ಇನೆಜರಿಗೆ ಎರಡು ಸಲ ಫೋನ್ ಮಾಡಿ, ಅವರು ಊರಿನ ರಿಟೈರ್ಡ್ ಪೋಸ್ಟ್‌ಮ್ಯಾನ್ ಒಬ್ಬರನ್ನು ಕೇಳಿ, ನನಗೆ ಹೇಳಿದ್ದು. ಕೆಂಪು ಶಾಯಿ ತೆಗೆದಿಟ್ಟುಕೊಳ್ಳಿ.

ಎರಡನೆಯ ಪುಟ, ಕೋಟೆ. ರಾಜನೊಬ್ಬ ತನ್ನ ರಾಣಿಯನ್ನು ಹನ್ನೆರಡು ವರ್ಷ ಆ ಗೋಪುರದಲ್ಲಿ ಬಚ್ಚಿಟ್ಟಿದ್ದ ಎಂದು ನಾನು ಹೇಳಿದೆ. ನೀವು ಅದಕ್ಕೆ ಎರಡು ಪ್ಯಾರಾ ಕೊಟ್ಟು ರಾಣಿಯ ಕಣ್ಣೀರನ್ನೂ ಸೇರಿಸಿದ್ದೀರಿ. ಅಂಥ ರಾಣಿ ಇರಲಿಲ್ಲ. ನಾರ್ಮನ್ನರು ಎಂಬ ಉತ್ತರದ ಕಡೆಯ ದಂಡಿನವರು ಒಂಬೈನೂರು ವರ್ಷದ ಹಿಂದೆ ಕಾವಲಿಗೆ ಕಟ್ಟಿದ್ದು. ಆಮೇಲೆ ಅದರಲ್ಲಿ ಗೋಧಿ ತುಂಬಿಡುತ್ತಿದ್ದರು, ಆಮೇಲೆ ಕಳ್ಳರನ್ನು ಕೂಡಿಹಾಕುತ್ತಿದ್ದರು, ಈಗ ಪಾರಿವಾಳಗಳಿವೆ. ಐದನೆಯ ಪುಟ, ಇಗರ್ಜಿಯ ಗುಮ್ಮಟದ ಹಸಿರು ಹಳದಿ ಹೆಂಚು. ಪೋರ್ಚುಗೀಸರು ಗೋವಾದಿಂದ ಹಡಗಿನಲ್ಲಿ ತಂದದ್ದು ಎಂದೆ. ಸಮುದ್ರ ಅಲ್ಲಿಂದ ಎಷ್ಟು ದೂರ ಎಂದು ನೀವು ಕೇಳಿದಾಗಲೇ ನನಗೆ ಬುದ್ಧಿ ಬರಬೇಕಿತ್ತು. ಆ ಹೆಂಚು ಪಕ್ಕದ ಊರಿನ ಕುಂಬಾರರು ಸುಟ್ಟದ್ದು. ಸಾವಿರದ ಎಂಟುನೂರ ಐವತ್ತೇಳರ ಭೂಕಂಪದಲ್ಲಿ ಗುಮ್ಮಟ ಕುಸಿದಾಗ, ಮನೆ ಬಿದ್ದುಹೋದವರೂ ತಮ್ಮ ಮನೆ ಎಬ್ಬಿಸುವ ಮೊದಲು ಅದನ್ನು ಕಟ್ಟಿದರಂತೆ. ಒಳಗಿನ ದೇವಮಾತೆಯ ಮರದ ಪ್ರತಿಮೆಯ ಕೆನ್ನೆಯ ಮೇಲೆ ಕಪ್ಪು ಕಲೆ ಇದೆಯಲ್ಲ, ಸಿಪಾಯಿಯ ಗುಂಡೇಟು ಎಂದೆ. ಗುಂಡೂ ಇಲ್ಲ ಗುದ್ದೂ ಇಲ್ಲ ಮಾವ್ಶಿ. ಈ ಪೋಸ್ಟ್‌ಮ್ಯಾನರ ದೊಡ್ಡಪ್ಪ ಇಗರ್ಜಿಯ ಸೇವಕರಾಗಿದ್ದರು, ಮೇಣದ ಬತ್ತಿ ಹಚ್ಚಿಟ್ಟು ತೂಕಡಿಸಿದರು, ಕೆನ್ನೆ ಸುಟ್ಟಿತು. ಮನೆಯವರು ಈಗಲೂ ಆ ಮಾತೆಯ ಎದುರು ಬಂದಾಗ ತಲೆ ತಗ್ಗಿಸುತ್ತಾರಂತೆ.

ಏಳನೆಯ ಪುಟದ್ದು ಹೇಳಲು ಹೆಚ್ಚು ಕಷ್ಟ. ಮೇಲಿನ ಓಣಿಗಳಲ್ಲಿ ಸಾಲುಸಾಲು ಮನೆಗಳಿಗೆ ಬೀಗ ಹಾಕಿತ್ತಲ್ಲ, ಬಾಗಿಲಲ್ಲಿ ಹುಲ್ಲು ಬೆಳೆದಿತ್ತಲ್ಲ. ಪ್ಲೇಗು ಬಂದು ಊರೇ ಸತ್ತಿತು ಎಂದು ನಾನು ಹೇಳಿದೆ. ನೀವು ಅಲ್ಲೇ ನಿಂತು ಸತ್ತವರಿಗಾಗಿ ಒಂದು ‘ನಮೋ ಮರಿಯೆ’ ಹೇಳಿಸಿದಿರಿ, ಎಲ್ಲರೂ ಹೇಳಿದರು, ನಾನೂ ಹೇಳಿದೆ. ಅವರು ಸತ್ತಿರಲಿಲ್ಲ. ಕೆಲಸ ಹುಡುಕಿಕೊಂಡು ಹೋದರು. ಮೊದಲು ಅರ್ಜೆಂಟೀನಾಕ್ಕೆ, ಆಮೇಲೆ ಜರ್ಮನಿಗೆ, ಉತ್ತರದ ಕಾರ್ಖಾನೆಗಳಿಗೆ. ಆರು ಸಾವಿರ ಜನರಿದ್ದ ಊರಿನಲ್ಲಿ ಈಗ ಒಂಬೈನೂರು. ಆಗಸ್ಟಿನಲ್ಲಿ ಮಕ್ಕಳು ಮರಿಗಳನ್ನು ಕಟ್ಟಿಕೊಂಡು ಬಂದು ಹದಿನೈದು ದಿನ ಬಾಗಿಲು ತೆರೆದು, ಧೂಳು ಹೊಡೆದು, ಮತ್ತೆ ಬೀಗ ಹಾಕಿ ಹೋಗುತ್ತಾರಂತೆ. ಹದಿನಾರು ವರ್ಷದಿಂದ ಇಲ್ಲಿರಲು ಬೇಕಾದ ಇಕಾಮಾ ಪರ್ಮಿಟ್ ರಿನ್ಯೂ ಮಾಡಿಸುತ್ತಾ ಈ ಫ್ಲ್ಯಾಟಿನಲ್ಲಿ ಕೂತಿರುವ ನನಗೆ ಆ ಬೀಗ ನೋಡಿದ ಕೂಡಲೇ ಗೊತ್ತಾಗಬೇಕಿತ್ತು. ಇನ್ನು ಒಂಬತ್ತನೆಯ ಪುಟ, ನಮ್ಮೂರ ಇಗರ್ಜಿ ಕಟ್ಟಿಸಿದ ಇಟಲಿಯ ಪಾದ್ರಿ ಹುಟ್ಟಿದ್ದು ಪಿಯೆತ್ರಾಮುರಾದಲ್ಲೇ ಎಂಬುದು. ಅದನ್ನು ಕೇಳಿ ನಿಮ್ಮ ಕಣ್ಣು ತುಂಬಿತು, ಗೋಡೆಯೊಂದನ್ನು ಮುಟ್ಟಿ ಎದೆಗೆ ಒತ್ತಿಕೊಂಡಿರಿ. ಆ ಗೋಡೆ ಒಂದು ಹಾಲಿನ ಅಂಗಡಿಯದು. ಆ ಪಾದ್ರಿ ಯಾವ ಊರಿನವರೋ ನನಗೆ ಗೊತ್ತಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಕಿವಿ ಹಿಂಡಿಸಿಕೊಂಡು ನಕ್ಕುಬಿಡಬಹುದಿತ್ತು. ಹನ್ನೆರಡನೆಯ ಪುಟ ಉಳಿದಿದೆ. ಮೂರು ದಿನದಿಂದ ಅದರ ಸುತ್ತ ತಿರುಗುತ್ತಿದ್ದೇನೆ, ನಡುವೆ ಎದ್ದುಹೋಗಿ ಎರಡು ಸಲ ಚಾ ಮಾಡಿ ಕುಡಿದೆ, ಬಾತ್‌ರೂಮಿನ ನಲ್ಲಿ ರಿಪೇರಿ ಮಾಡಿದೆ. ಇನ್ನು ಮಾಡಲು ಕೆಲಸವಿಲ್ಲ.

ಬಸ್ ನಿಲ್ಲುವ ಜಾಗದಿಂದ ಮೇಲಿನ ಇಗರ್ಜಿಗೆ ಒಂದು ಸಣ್ಣ ವ್ಯಾನ್ ಹೋಗುತ್ತದೆ. ವಯಸ್ಸಾದವರಿಗೆಂದೇ ಪಂಚಾಯತಿಯವರು ಇಟ್ಟದ್ದು. ಹಿಂದಿನ ದಿನ ಫೋನ್ ಮಾಡಿ ಹೇಳಿದರೆ ಸಾಕು, ಬಂದು ಕಾಯುತ್ತದೆ. ನಾನು ಫೋನ್ ಮಾಡಲು ಮರೆತೆ. ಹೋಗಿ ನೋಡಿದರೆ ಎದುರಿಗೆ ಇನ್ನೂರ ಹದಿನಾಲ್ಕು ಮೆಟ್ಟಿಲು. ತಂಡದಲ್ಲಿ ಅರುವತ್ತು ದಾಟಿದವರೇ ಏಳು ಜನ. “ಇಷ್ಟು ಹತ್ತಿಕ್ಕುಂಟಾ? ನೀವು ಮೊದ್ಲೇ ಹೇಳ್ಬೇಕಿತ್ತಲ್ಲ?” ಎಂದು ಹಿಂದಿನಿಂದ ಯಾರೋ ಶುರುಮಾಡಿದರು. ಕುವೈತಿಗೆ ಹೋಗಿ ಮ್ಯಾನೇಜರಿಗೆ ದೂರು ಹೇಳಿದರೆ ನನ್ನ ಮಾನ ಹೋಗುತ್ತದೆ ಎಂದು ಹೆದರಿದೆ. ಆಗ ಹೇಳಿದೆ, ಇವು ಹರಕೆಯ ಮೆಟ್ಟಿಲು ಎಂದು. ಮನಸ್ಸಿನಲ್ಲಿ ಒಂದೇ ಒಂದು ಬೇಡಿಕೆ ಇಟ್ಟುಕೊಂಡು ಹತ್ತಿದವರಿಗೆ ಮಾತೆ ಅದನ್ನು ನಡೆಸಿಕೊಡುತ್ತಾಳೆ, ಐನೂರು ವರ್ಷದ ನಂಬಿಕೆ ಎಂದೆ. ಅಷ್ಟರಲ್ಲಿ ನಿಲ್ಲಿಸಲಿಲ್ಲ. ಮಧ್ಯೆ ಮಧ್ಯೆ ಇವರೆಲ್ಲ ಕೂತುಬಿಟ್ಟರೆ ಊಟದ ಹೋಟೆಲಿಗೆ ಹೊತ್ತಾಗುತ್ತದೆ ಎಂದು ಲೆಕ್ಕ ಹಾಕಿ, “ನಡುವಲ್ಲಿ ಎಲ್ಲಿಯೂ ಕೂರಬಾರದು, ಕೂತರೆ ಹರಕೆ ಸಲ್ಲುವುದಿಲ್ಲ” ಎಂದೂ ಸೇರಿಸಿದೆ. ದೇವರ ಹೆಸರಿನಲ್ಲಿ ಸುಳ್ಳು ಹೇಳಿದೆ, ಅದೂ ಹೋಟೆಲಿಗೆ ಹೊತ್ತಾಗುತ್ತದೆ ಎಂದು.

ಗೊಣಗುತ್ತಿದ್ದವರೆಲ್ಲ ಸುಮ್ಮನಾಗಿ ಜಪಮಣಿ ತೆಗೆದರು. ನೀವು ಚಪ್ಪಲಿಯ ಪಟ್ಟಿ ಬಿಗಿ ಮಾಡಿಕೊಂಡು ಎಲ್ಲರಿಗಿಂತ ಮೊದಲು ಹೊರಟಿರಿ. ನೂರು ದಾಟಿದ ಮೇಲೆ ನೀವು ಎರಡು ಮೆಟ್ಟಿಲಿಗೊಮ್ಮೆ ನಿಲ್ಲುವುದು ನನಗೆ ಕಾಣಿಸುತ್ತಿತ್ತು. ಪಕ್ಕದಲ್ಲಿ ಕಲ್ಲಿನ ಕಟ್ಟೆ ಇತ್ತು, ನೆರಳೂ ಇತ್ತು. ಬೆವರು ಒರೆಸಿಕೊಳ್ಳುತ್ತಾ, ಗೋಡೆಗೆ ಕೈಕೊಟ್ಟು ನಿಂತು, ನನ್ನ ಕಿವಿಯ ಹತ್ತಿರ ಬಂದು ಹೇಳಿದಿರಿ: “ನಿನಗೂ ಶರ್ಲಿನಿಗೂ ಒಂದು ಮಗು ಬೇಕು ಅಂತ ಕೇಳ್ತಿದ್ದೇನೆ. ಏಳು ವರ್ಷ ಆಯ್ತಲ್ಲ ಮದ್ವೆಯಾಗಿ. ನಾನು ಕೂರುದಿಲ್ಲ, ನೀನು ನೋಡು.” ನೀವು ಕೂರಲಿಲ್ಲ. ನೂರ ಅರುವತ್ತಮೂರನೆಯ ಮೆಟ್ಟಿಲಲ್ಲಿ ಬಿದ್ದಿರಿ. ನಾಲ್ಕು ಮೆಟ್ಟಿಲು ಮುಂದಿದ್ದ ನಾನು ಕೆಳಗೆ ಇಳಿದು ಎತ್ತಲು ಬಂದಾಗ ನೀವು ಹೇಳಿದ ಮೊದಲ ಮಾತು, “ಬಿದ್ದದ್ದು ಕೂತ ಲೆಕ್ಕಕ್ಕೆ ಬರ್ತದಾ ಬಾಬಾ?” ಎಂದು. ಬರುವುದಿಲ್ಲ ಎಂದೆ. ಅಷ್ಟಾದ ಮೇಲೂ ಸುಳ್ಳು ಬಿಡಲಿಲ್ಲ ನೋಡಿ.

ಡಾಕ್ಟರು ಕೇಳಿದಾಗ ಚಪ್ಪಲಿ ಜಾರಿತು ಎಂದಿರಿ. ಎರಡು ದಿನ ಕಳೆದು ನಾನು ನಿಮ್ಮನ್ನು ಬಿಟ್ಟು ಬರಲಾರದೆ ಒದ್ದಾಡುವಾಗ, “ಅಷ್ಟು ಜನರನ್ನು ಬಿಟ್ಟು ನನ್ನ ಹತ್ರ ಕೂತ್ರೆ ಹೇಗೆ, ಹೋಗು ಮಾರಾಯ” ಎಂದು ನೀವೇ ಕಳಿಸಿದಿರಿ. ನಾನು ಹೊರಟುಬಂದೆ. ವಿಮಾನದಲ್ಲಿ ಎಲ್ಲರೂ ನನ್ನನ್ನು ಸಮಾಧಾನ ಮಾಡುತ್ತಿದ್ದರು. ತಮ್ಮ ಪಾಲಿನ ತಿಂಡಿಯನ್ನೂ ಒಬ್ಬರು ನನ್ನ ತಟ್ಟೆಗೆ ಹಾಕಿದರು. ತಿಂದೆ.

ಈ ಏಳು ವಾರದಲ್ಲಿ ಆ ಸುಳ್ಳಿಗೆ ಕಾಲು ಬಂದಿದೆ. ನೀವು ಹಾಸಿಗೆಯಲ್ಲೇ ಕೂತು ಹರಕೆಯ ವಿಷಯ ಕಾನ್ವೆಂಟಿನ ಅಜ್ಜಿಯರಿಗೆಲ್ಲ ಹೇಳಿದ್ದೀರಿ. ಹುಟ್ಟಿದಂದಿನಿಂದ ಅಲ್ಲೇ ಇರುವ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ. “ಟ್ರೆವರ್, ಇದು ನಿನಗೆ ಯಾರು ಹೇಳಿದ್ದು?” ಎಂದು ಸಿಸ್ಟರ್ ಇನೆಜ್ ಕೇಳಿದಾಗ ಒಂದು ಹಳೆಯ ಪುಸ್ತಕದಲ್ಲಿದೆ ಎಂದುಬಿಟ್ಟೆ. ಇಲ್ಲಿ ಮಿರ್ಕಾಬಿನ ನಮ್ಮ ಆಫೀಸಿನಲ್ಲಿ ಮ್ಯಾನೇಜರ್ ಶ್ಯಾಮಸುಂದರ್ ಅವರಿಗೆ ತಂಡದವರಿಂದ ಸುದ್ದಿ ಮುಟ್ಟಿ, “ಒಳ್ಳೇ ಪಾಯಿಂಟ್ ಉಂಟಲ್ಲ, ಬ್ರೋಷರಿಗೆ ಹಾಕುವಾ” ಎಂದರು. ಮಂಗಳವಾರ ಸಿಲ್ವೆಸ್ಟರ್ ತರುವ ತಂಡದಲ್ಲಿ ಎಪ್ಪತ್ತೆರಡು ವರ್ಷದವರೊಬ್ಬರು ಮಗನ ಕಾಯಿಲೆಗೆಂದು ಹೆಸರು ಕೊಟ್ಟಿದ್ದಾರೆ. ನಿನ್ನೆ ಸಂಜೆ ಶ್ಯಾಮಸುಂದರರ ಎದುರು ನಿಂತು, ಅದು ನಾನು ಕಟ್ಟಿದ್ದು ಸರ್ ಎಂದೆ. ಅವರು “ಖಲಾಸ್, ಇನ್ನು ನೀನು ತಂಡದ ಜೊತೆ ಹೋಗುದು ಬೇಡ” ಎಂದು ಬ್ರೋಷರು ವಾಪಸು ತೆಗೆದುಕೊಂಡರು. ಎಪ್ಪತ್ತೆರಡರ ಅವರಿಗೆ ನಾನೇ ಫೋನ್ ಮಾಡಿದೆ. ವ್ಯಾನಿಗೂ ಹೇಳಿಟ್ಟಿದ್ದೇನೆ. ನಿಮಗೆ ಹೇಳುವುದು ಮಾತ್ರ ಬಾಕಿ ಇತ್ತು, ಅದಕ್ಕೇ ಹೆಚ್ಚು ಹೆದರಿದ್ದು.

ಮಾವ್ಶಿ, ಆ ಲೇಖನ ಕಳಿಸುವುದು ಬೇಡ. ಬೇಕಾದರೆ ನಿಜವಾದ ಚರಿತ್ರೆಯನ್ನು ನೀವೇ ಆ ಪೋಸ್ಟ್‌ಮ್ಯಾನರ ಹತ್ತಿರ ಕೂತು ಕೇಳಿ ಬರೆಯಿರಿ, ಅವರು ದಿನಾ ಸಂಜೆ ಕಾನ್ವೆಂಟಿನ ಹೊರಗಿನ ಬೆಂಚಿಗೆ ಬರುತ್ತಾರಂತೆ. ಅದರಲ್ಲಿ ನನ್ನ ಹೆಸರು ಒಂದು ಕಡೆಯೂ ಬೇಡ. ಕ್ರಿಸ್ಮಸ್ ಸಂಚಿಕೆಗೆ ಹೊತ್ತಾದರೆ ಈಸ್ಟರಿಗೆ ಬರಲಿ. ನನ್ನನ್ನು ಕ್ಷಮಿಸಿ ಎಂದು ಇನ್ನೂ ಬರೆದಿಲ್ಲ, ಆ ಮಾತನ್ನು ನಿಮ್ಮೆದುರು ನಿಂತೇ ಹೇಳಬೇಕು. ಡಿಸೆಂಬರ್ ಮೊದಲ ವಾರ ರಜೆ ಸಿಕ್ಕಿದೆ. ನಿಮ್ಮನ್ನು ಊರಿಗೆ ಕರೆದುಕೊಂಡು ಹೋಗಲು ನಾನೇ ಬರುತ್ತೇನೆ. ಬೇಡ, ನಿನ್ನ ಮುಖ ತೋರಿಸಬೇಡ ಎಂದರೆ ಸಿಸ್ಟರ ಹತ್ತಿರ ಹೇಳಿ ಕಳಿಸಿ, ಬೇರೆಯವರನ್ನು ಕಳಿಸುತ್ತೇನೆ.

ಸಿಸ್ಟರ್ ಇನೆಜರಿಗೂ, ನನ್ನಿಂದ ತಮ್ಮ ಊರಿನ ಬಗ್ಗೆಯೇ ಇಲ್ಲದ್ದು ಕೇಳಿಸಿಕೊಂಡ ಆ ಅಜ್ಜಿಯರಿಗೂ ನಮಸ್ಕಾರ ತಿಳಿಸಿ. ಸ್ವೆಟರು ಶರ್ಲಿನ್ ಆರಿಸಿದ್ದು, ಬಣ್ಣ ಹಿಡಿಸದಿದ್ದರೂ ಹಾಕಿಕೊಳ್ಳಿ, ಅಲ್ಲಿ ಚಳಿ. ದೇವರು ನಿಮ್ಮ ಕಾಲಿಗೆ ಬಲ ಕೊಡಲಿ.

ನಿಮ್ಮ ಕೈಯಲ್ಲಿ ಬೆಳೆದೂ ಹೀಗಾದ,
ಟ್ರೆವರ್

ಮರೆತೆ ಎನ್ನಲಾರೆ, ಬರೆಯಲು ಧೈರ್ಯ ಬರಲಿಲ್ಲ: ಸಾಮಾನು, ಕಾಗದ ಒಯ್ಯಲು ಸಿಲ್ವೆಸ್ಟರ್ ಕೆಳಗೆ ಬಂದು ಹಾರ್ನ್ ಹಾಕುತ್ತಿದ್ದಾನೆ, ಬೇಗ ಬರೆಯುತ್ತೇನೆ. ಶರ್ಲಿನಿಗೆ ಈಗ ನಾಲ್ಕನೆಯ ತಿಂಗಳು. ಈ ಕಾಗದ ನಿಮ್ಮ ಕೈಸೇರಿದ ಮೇಲೆ, ಮುಂದಿನ ಭಾನುವಾರ ಎಲ್ಲರಿಗೂ ಹೇಳುತ್ತೇವೆ, ನಿಮಗೇ ಮೊದಲು. ಇದನ್ನು ಓದಿ ನೀವು ಮಾತೆಗೆ ಕೈಮುಗಿದು, ನನ್ನ ಹರಕೆ ಸಂದಿತು, ಕಾಲು ಹೋದರೆ ಹೋಗಲಿ ಅನ್ನುತ್ತೀರಿ ಎಂದು ಗೊತ್ತು. ಹಾಗೇ ಅಂದುಕೊಳ್ಳಲಿ ಬಿಡಿ, ಅವರಿಗೂ ಖುಷಿ ಎಂದು ಶರ್ಲಿನ್ ಕೂಡ ಹೇಳಿದಳು. ನನ್ನಿಂದಾಗುವುದಿಲ್ಲ. ಇಟಲಿಗೆ ಹೊರಡುವ ಎರಡು ವಾರ ಮೊದಲೇ ನಮಗೆ ಗೊತ್ತಿತ್ತು. ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದು ಎಂದು ಅವಳ ಅಮ್ಮ ಹೇಳಿದ್ದರು, ಆದರೆ ಆ ದಿನ ನಾನು ಬಾಯಿ ಮುಚ್ಚಿಕೊಂಡದ್ದು ಅದಕ್ಕಲ್ಲ. ನೀವು ಗೋಡೆ ಹಿಡಿದು ನಿಂತು ನನ್ನ ಕಿವಿಯಲ್ಲಿ ಹೇಳಿದಾಗ, ಆಗಿದೆ ಮಾವ್ಶಿ, ಕೂತುಕೊಳ್ಳಿ ಎಂದರೆ ಸಾಕಿತ್ತು, ನೀವು ಅಲ್ಲೇ ಕೂತುಬಿಡುತ್ತಿದ್ದಿರಿ. ನೀವು ಕೂತರೆ ಉಳಿದವರೂ ಕೂರುತ್ತಾರೆ, ಹೋಟೆಲಿಗೆ ಹೊತ್ತಾಗುತ್ತದೆ ಎಂದುಕೊಂಡು ಹೇಳಲಿಲ್ಲ. ನೀವು ಬೇಡುತ್ತಾ ಹತ್ತಿದ ಮಗು ಮೊದಲೇ ಇತ್ತು.